ಪರೀಕ್ಷೆಯಲ್ಲಿದೆ, ಮುಟ್ಟಕೂಡದು

ದೇವರು ಆಕಾಶಕ್ಕೆ ಬಣ್ಣ ಹಚ್ಚುವಾಗ ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ. ಅದಕ್ಕೇ ಅಷ್ಟು ದೊಡ್ಡ ಕೆಲಸ ಗಲಾಟೆಯಿಲ್ಲದೆ ಮುಗಿಯಿತೆಂದು ನನ್ನ ನಂಬಿಕೆ. ನನ್ನ ಷಡ್ಡಕ ತನ್ನ ಗ್ಯಾರೇಜಿನ ಜೋಡಿ ಬಾಗಿಲಿಗೆ ಬಣ್ಣ ಆರಿಸಲು ಹೊರಟಾಗ ಇಡೀ ಬೀದಿಯೇ ಬಂದು ಕೈಹಾಕಿತು. ಆಮೇಲೆ ಆದದ್ದನ್ನು ಬರೆದಿಡುವುದು ನನ್ನ ಪಾಲಿಗೆ ಬಂದಿದೆ.

ಅವನ ಹೆಂಡತಿ ನನ್ನ ಹೆಂಡತಿಯ ತಂಗಿ. ನನ್ನಾಕೆ ತೀರಿಕೊಂಡು ಹನ್ನೊಂದು ತಿಂಗಳಾಯಿತು. ಅಂದಿನಿಂದ ನಾದಿನಿ ಮಧ್ಯಾಹ್ನದ ಊಟಕ್ಕೆ ನನ್ನನ್ನು ಬಿಡದೆ ಕರೆಸಿಕೊಳ್ಳುತ್ತಾಳೆ. ಬೆಳಗಿನ ಪ್ರಾರ್ಥನೆ ಮುಗಿಸಿ, ಎರಡು ಬೀದಿ ದಾಟಿ, ಹತ್ತು ಗಂಟೆಗೆಲ್ಲ ಅವರ ಮನೆಯ ಮುಂದಿನ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತೇನೆ. ಹೀಗಾಗಿ ಮುಂದೆ ಹೇಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಕಾಣದೆ ಹೋದದ್ದನ್ನು ಮೂಲೆಮನೆಯ ನಿವೃತ್ತ ಹೆಡ್‌ಮಿಸ್ಟ್ರೆಸ್ ಕಂಡು ಹೇಳಿದ್ದಾರೆ. ಅವರು ಕಾಣದೆ ಹೋದದ್ದು ಈ ಬೀದಿಯಲ್ಲಿ ನಡೆದಿಲ್ಲ.

ಷಡ್ಡಕ ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಇನ್ಸ್‌ಪೆಕ್ಟರಾಗಿದ್ದವನು. ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಲೀಟರಿನ ಅಳತೆ ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದು ಅವನ ಕೆಲಸವಾಗಿತ್ತು. ಅವನು ನಿವೃತ್ತನಾದ, ಅವನ ಅಭ್ಯಾಸ ಆಗಲಿಲ್ಲ. ಮನೆಯ ಉಪ್ಪಿನ ಡಬ್ಬಿಯ ತಳದಲ್ಲೂ ಪರೀಕ್ಷಿಸಿದ ತಾರೀಖು ಮತ್ತು ಅವನ ಚಿಕ್ಕ ಸಹಿ ಇದೆ. ಒಂದು ವಸ್ತುವನ್ನು ಪರೀಕ್ಷಿಸಿ ಗುರುತು ಹಾಕದೆ ಬಿಟ್ಟರೆ ಆ ದಿನ ಅವನಿಗೆ ಊಟ ಸೇರುವುದಿಲ್ಲ.

ನನ್ನ ನಾದಿನಿಯದು ಬೇರೆ ಬಗೆಯ ತಕ್ಕಡಿ. ಹೊಗಳಿಕೆಯನ್ನು ಅವಳು ಔಷಧಿಯಂತೆ ಹನಿ ಲೆಕ್ಕದಲ್ಲಿ ಕೊಡುತ್ತಾಳೆ. ಅವಳ ಅತ್ಯುನ್ನತ ಪ್ರಶಸ್ತಿ "ಪರವಾಗಿಲ್ಲ". ಮದುವೆಯ ಮರುದಿನ ಗಂಡ ಹೊಸ ಅಂಗಿ ತೊಟ್ಟು ಎದುರು ನಿಂತಾಗ "ಪರವಾಗಿಲ್ಲ" ಎಂದಳಂತೆ. ಬಡ್ತಿಯ ಆದೇಶ ತಂದು ತೋರಿಸಿದಾಗ "ಆಗಲಿ" ಎಂದಳು. ಆ "ಆಗಲಿ"ಯನ್ನು ಅವನು ಈಗಲೂ ನೆನೆಸಿಕೊಳ್ಳುತ್ತಾನೆ.

ಅಂಥ ಹೆಂಗಸು ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿ ಸೌಟು ಹಿಡಿದು ನಿಂತು, "ಆಹಾ! ಎಷ್ಟು ಚೆನ್ನಾಗಿದೆ!" ಎಂದಳು.

ಹಜಾರದಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಷಡ್ಡಕ ಬೆಚ್ಚಿ ತಿರುಗಿದ.

"ಯಾವುದು? ಈ ಅಂಗಿಯಾ?"

"ಅಂಗಿಯಲ್ಲ ರೀ. ಡಾಕ್ಟ್ರ ಗ್ಯಾರೇಜ್ ಬಾಗಿಲು. ಬಣ್ಣ ಹೊಡೆಸಿದ್ದಾರೆ. ನೋಡ್ತಾನೇ ಇರೋಣ ಅನ್ಸುತ್ತೆ."

ಡಾಕ್ಟರೆಂದರೆ ಎದುರುಮನೆಯ ದಂತವೈದ್ಯರು. ಅರವತ್ತು ದಾಟಿದ್ದರೂ ಮೂವತ್ತೆರಡು ಹಲ್ಲೂ ಸ್ವಂತದ್ದು. ಅದು ಎಲ್ಲರಿಗೂ ಗೊತ್ತಾಗಲೆಂದು ಸದಾ ನಗುತ್ತಿರುತ್ತಾರೆ. ಅವರ ಗ್ಯಾರೇಜಿನ ಬಾಗಿಲು ಆ ಬೆಳಿಗ್ಗೆ ನೀಲಿಯಾಗಿತ್ತು. ಬೆಳಗಾಗುವುದಕ್ಕೆ ಸ್ವಲ್ಪ ಮುಂಚಿನ ಆಕಾಶದ ಹಾಗೆ, ಕಣ್ಣಿಗೆ ತಂಪಾದ ಗಾಢ ನೀಲಿ. ಸುಳ್ಳು ಹೇಳಬಾರದು, ಚೆನ್ನಾಗಿಯೇ ಇತ್ತು.

ಇತರ ಗಂಡಸರು ಮತ್ತೊಬ್ಬ ಗಂಡಸಿನ ಮೇಲೆ ಅಸೂಯೆ ಪಡುತ್ತಾರೆ. ನನ್ನ ಷಡ್ಡಕ ಒಂದು ಬಾಗಿಲಿನ ಮೇಲೆ ಪಟ್ಟ.

"ಮೂವತ್ತೈದು ವರ್ಷ ಅಣ್ಣ," ಎಂದ ಊಟಕ್ಕೆ ಕೂತಾಗ, ಹೆಂಡತಿ ಒಳಗೆ ಹೋದದ್ದನ್ನು ನೋಡಿಕೊಂಡು. "ಒಂದೇ ಒಂದು ಸಲ ಆ ಮಾತು ನನಗೆ ಅಂದಿಲ್ಲ. ಮರದ ಹಲಗೆಗೆ ಅಂದ್ಲು."

"ಬಾಗಿಲಿಗೂ ನಿನಗೂ ಎಲ್ಲಿಯ ಹೋಲಿಕೆಯಪ್ಪಾ?"

"ಹೋಲಿಸಿದ್ದು ನಾನಲ್ಲ. ಅಂಗಿಯಲ್ಲ ಅಂತ ಬಿಡಿಸಿ ಹೇಳಿದ್ಲಲ್ಲ! ನನ್ನನ್ನ ಈ ಕಡೆ, ಬಾಗಿಲನ್ನ ಆ ಕಡೆ ಇಟ್ಟು ತೂಗಿದ್ಲು. ನಾನು ಮೇಲೆ ಹೋದೆ."

ತಕ್ಕಡಿಯಲ್ಲಿ ಹಗುರಾದದ್ದು ಮೇಲೆ ಹೋಗುತ್ತದೆಂದು ನನಗೆ ಅವನೇ ಹಿಂದೆ ವಿವರಿಸಿದ್ದ. ಆದ್ದರಿಂದ ನಾನು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡೆ.

ಅವನದೇ ಬಾಗಿಲಿನ ಸ್ಥಿತಿ ಹೇಳುವಂತಿರಲಿಲ್ಲ. ಒಂದು ಕಾಲದಲ್ಲಿ ಹಸಿರಿತ್ತೆಂದು ಹಳಬರು ಹೇಳುತ್ತಾರೆ. ಬಿಸಿಲಿಗೆ ಪದರ ಪದರವಾಗಿ ಎದ್ದು, ಗಾಳಿ ಬೀಸಿದಾಗಲೆಲ್ಲ ಒಂದಿಷ್ಟು ಉದುರುತ್ತಿತ್ತು. ಇಷ್ಟು ಸಾಲದೆಂಬಂತೆ ಸಂಜೆ ದಂತವೈದ್ಯರು ಗೇಟಿಗೆ ಬಂದು ಒರಗಿದರು.

"ಇನ್ಸ್‌ಪೆಕ್ಟ್ರೇ, ಹೇಗಿದೆ ನಮ್ಮ ಬಾಗಿಲು?"

"ಯಾವ ಬಾಗಿಲು?" ಎಂದ ಷಡ್ಡಕ.

"ಇದೇ, ನಿಮ್ಮ ಮೂಗಿನ ಮುಂದೆ ಇದೆಯಲ್ಲ."

"ಓ, ಬಣ್ಣ ಹೊಡೆಸಿದ್ರಾ? ನಾನು ಗಮನಿಸಲೇ ಇಲ್ಲ."

"ಬೆಳಿಗ್ಗೆಯಿಂದ ಅದನ್ನೇ ನೋಡ್ತಾ ನಿಂತಿದ್ದೀರಿ ಅಂತ ನಮ್ಮನೆಯವಳು ಅಂದ್ಲು."

"ನಾನು ರಸ್ತೆ ನೋಡ್ತಿದ್ದೆ."

"ರಸ್ತೆ ಕೆಳಗಿದೆ ಸರ್," ಎಂದು ದಂತವೈದ್ಯರು ಮೂವತ್ತೆರಡನ್ನೂ ತೋರಿಸಿದರು. "ಇರಲಿ, ನಿಮ್ಮದಕ್ಕೂ ಒಂದು ಕೈ ಹೊಡೆಸಿಬಿಡಿ. ಹಲ್ಲಾಗಲಿ ಬಾಗಿಲಾಗಲಿ, ಮೊದಲೇ ನೋಡ್ಕೋಬೇಕು. ತೀರಾ ಬಿಟ್ರೆ ಕೀಳೋದೊಂದೇ ದಾರಿ."

ಮರುದಿನ ಷಡ್ಡಕ ನನ್ನನ್ನು ಎಳೆದುಕೊಂಡು ಬಣ್ಣದಂಗಡಿಗೆ ಹೋದ. ಅಂಗಡಿಯವನು ಸಹನೆಯೇ ಮೈವೆತ್ತಂತಿದ್ದ ಮನುಷ್ಯ. ಅವನ ಗಲ್ಲಾದ ಹಿಂದೆ ಡಬ್ಬಿಗಳು ಸೂರಿನವರೆಗೆ ಏರಿದ್ದವು.

"ಯಾವ ಬಣ್ಣ ಕೊಡಲಿ ಸರ್?"

"ಎದುರುಮನೆಯವರದಕ್ಕಿಂತ ಒಳ್ಳೆಯದು."

"ಅವರದು ಯಾವುದು?"

"ನೀಲಿ."

"ಹಾಗಾದ್ರೆ ನಿಮಗೂ ನೀಲಿಯಲ್ಲೇ ಸ್ವಲ್ಪ ಬೇರೆ—"

"ಛೇ ಛೇ! ನೀಲಿ ನೋಡಿ ನೀಲಿ ಹಚ್ಚಿದ ಅಂತ ಬೀದಿಯವರು ಆಡ್ಕೊಳ್ಳೋಕಾ? ನೀಲಿ ಬೇಡ. ಆದ್ರೆ ಎದುರಿಗಿರೋ ನೀಲಿ ಸಪ್ಪೆ ಕಾಣಬೇಕು. ಅಂಥದ್ದು ಕೊಡಿ."

ಅಂಗಡಿಯವನು ಬಣ್ಣಗಳ ಶೇಡ್ ಕಾರ್ಡು ಬಿಚ್ಚಿದ. ಅದು ಮಡಿಕೆ ಮಡಿಕೆಯಾಗಿ ಮೇಜಿನಿಂದ ಇಳಿದು ನೆಲ ಮುಟ್ಟಿತು. ಹಳದಿಯೊಂದರಲ್ಲೇ ನಲವತ್ತು ಬಗೆ. ದೇವರ ಸೃಷ್ಟಿಯಲ್ಲಿ ಇಷ್ಟೊಂದು ಹಳದಿ ಇರಲಾರದು, ಕೆಲವನ್ನು ಕಂಪನಿಯವರೇ ಸೇರಿಸಿದ್ದಾರೆಂದು ನನಗೆ ಗುಮಾನಿ ಬಂತು. ಷಡ್ಡಕ ಕನ್ನಡಕ ಏರಿಸಿ, ಇಳಿಸಿ, ಕಾರ್ಡನ್ನು ಬಾಗಿಲ ಬೆಳಕಿಗೆ ಹಿಡಿದು, ಒಳಗಿನ ನೆರಳಿಗೆ ಹಿಡಿದು, ಒಂದು ಗಂಟೆ ಕಳೆದ. ಕೊನೆಗೆ ಅಂಗಡಿಯವನೇ ಬಾಯಿಬಿಟ್ಟ.

"ಸರ್, ಕಾರ್ಡಲ್ಲಿ ಕಾಣೋದೇ ಬೇರೆ, ಬಾಗಿಲ ಮೇಲೆ ಕಾಣೋದೇ ಬೇರೆ. ಏಳು ಚಿಕ್ಕ ಡಬ್ಬಿ ಕೊಡ್ತೀನಿ. ಬಾಗಿಲ ಮೇಲೆ ಒಂದೊಂದು ಚೌಕ ಹಚ್ಚಿ. ನಾಲ್ಕು ದಿನ ಬಿಸಿಲಲ್ಲಿ ಪರೀಕ್ಷೆ ಮಾಡಿ ನೋಡಿ."

ಪರೀಕ್ಷೆ! ಷಡ್ಡಕನ ಮುಖ ನಿವೃತ್ತಿಯ ನಂತರ ಮೊದಲ ಬಾರಿ ಅರಳಿತು.

ಆ ಏಳು ಚೌಕಗಳನ್ನು ಹಚ್ಚಲು ಅವನಿಗೆ ಎರಡು ದಿನ ಹಿಡಿಯಿತು. ಮೊದಲು ಉಪ್ಪುಕಾಗದದಿಂದ ಹಳೇ ಬಣ್ಣ ತಿಕ್ಕಿ ತೆಗೆದ. ಅಳತೆಪಟ್ಟಿ ಇಟ್ಟು ಗೆರೆ ಎಳೆದ. ಪ್ರತಿಯೊಂದೂ ಒಂದಡಿ ಉದ್ದ, ಒಂದಡಿ ಅಗಲ. ಇಟ್ಟಿಗೆಗೆಂಪು, ಜೇನು, ಎಲೆಹಸಿರು, ಬೂದಿ, ಕೆನೆ, ನೇರಳೆ, ಕಂದು. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಪರೀಕ್ಷೆಗೆ ಇಟ್ಟ ವಸ್ತುವಿಗೆ ಗುರುತು ಬೇಡವೇ? ಪ್ರತಿ ಚೌಕದ ಕೆಳಗೂ ಬಿಳಿ ಬಣ್ಣದಲ್ಲಿ, ಅಚ್ಚು ಹಾಕಿದಂಥ ಅಕ್ಷರದಲ್ಲಿ ಬರೆದ: "ನಮೂನೆ ೧. ಪರೀಕ್ಷೆಯಲ್ಲಿದೆ. ಮುಟ್ಟಕೂಡದು." ಪಕ್ಕದಲ್ಲಿ ತಾರೀಖು, ಚಿಕ್ಕ ಸಹಿ, ಸಹಿಯ ಸುತ್ತ ದುಂಡನೆಯ ಮುದ್ರೆಯಂಥ ಗೆರೆ. ಹೀಗೆ ಏಳರವರೆಗೆ.

ನಾದಿನಿ ಹೊರಗೆ ಬಂದು ನೋಡಿದಳು.

"ಇದೇನ್ರೀ, ಬಾಗಿಲಿಗೆ ತೇಪೆ ಹಾಕಿದ್ದೀರಾ?"

"ಇದು ಅಂತಿಮವಲ್ಲ ಕಣೇ. ಪರೀಕ್ಷೆ."

"ಯಾವಾಗ ಮುಗಿಯುತ್ತೆ?"

"ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದಕ್ಕೆ ನೋಡಿ ಬರ್ಕೋಬೇಕು. ಮೋಡ ಇದ್ದ ದಿನ ಒಂದು, ಇಲ್ಲದ ದಿನ ಒಂದು. ಅವಸರ ಮಾಡೋ ಹಾಗಿಲ್ಲ."

"ಅಷ್ಟರಲ್ಲಿ ಬಾಗಿಲೇ ಉದುರಿಹೋಗಿರುತ್ತೆ," ಎಂದು ಅವಳು ಒಳಗೆ ಹೋದಳು. "ಪರವಾಗಿಲ್ಲ" ಕೂಡ ಬರಲಿಲ್ಲ.

ಮೂಲೆಮನೆಯ ಹೆಡ್‌ಮಿಸ್ಟ್ರೆಸ್ ಬೀದಿಯಲ್ಲಿ ಬರೆದದ್ದನ್ನು ಓದದೆ ಬಿಡುವವರಲ್ಲ. ಅಂದು ತರಕಾರಿ ಚೀಲ ಹಿಡಿದು ಬರುತ್ತಿದ್ದವರು ಬಾಗಿಲ ಮುಂದೆ ನಿಂತು ಏಳೂ ಬರಹವನ್ನು ಬೆರಳಿಟ್ಟು ಓದಿದರು. ಹಿಂದಿನ ತಿಂಗಳಷ್ಟೇ ನಗರಸಭೆಯವರು ಉದ್ಯಾನದ ಬೆಂಚುಗಳ ಮೇಲೆ ಇಂಥವೇ ಚೌಕಗಳನ್ನು ಹಚ್ಚಿ, ನಂಬರು ಹಾಕಿ, ಆಮೇಲೆ ಎಲ್ಲಕ್ಕೂ ಬಣ್ಣ ಬಳಿಸಿದ್ದರು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವರಿಗೆ ಓದಿದ್ದನ್ನು ಮತ್ತೊಬ್ಬರಲ್ಲಿ ಕೇಳಿ ಖಚಿತ ಮಾಡಿಕೊಳ್ಳುವ ಅಭ್ಯಾಸವಿರುವುದಿಲ್ಲ. ನೆಟ್ಟಗೆ ಪಕ್ಕದ ಟೈಲರ್ ಮನೆಗೆ ಹೋದರು.

"ಕೇಳಿದ್ರಾ? ನಗರಸಭೆಯವರು ಮನೆಮನೆ ಬಾಗಿಲಿಗೆ ಪುಕ್ಕಟೆ ಬಣ್ಣ ಹೊಡೆಸಿಕೊಡ್ತಾರೆ. ಬೀದಿಯಲ್ಲಿ ಮೊದಲು ಇನ್ಸ್‌ಪೆಕ್ಟ್ರಿಗೆ. ಸಹಿ, ಮುದ್ರೆ ಎಲ್ಲ ಬಿದ್ದಾಗಿದೆ."

"ಮೊದಲು ಅವರಿಗೇ ಯಾಕಂತೆ?" ಎಂದರಂತೆ ಟೈಲರು, ಬಾಯಲ್ಲಿದ್ದ ಗುಂಡುಸೂಜಿ ತೆಗೆದು.

"ಸರ್ಕಾರದಲ್ಲಿ ಇದ್ದವರು. ಒಳಗೆ ಯಾರೋ ಇರ್ತಾರೆ. ನಮಗೆ ಯಾರಿದ್ದಾರೆ?"

ಮಧ್ಯಾಹ್ನಕ್ಕೆ ಟೈಲರು ಬಂದು ಕೈಕಟ್ಟಿ ನಿಂತರು.

"ಸಾರ್, ನಮ್ಮ ಬಾಗಿಲಿಗೂ ಇಂಥ ಚೌಕ ಹಾಕಿಸಿಕೊಡಿ. ನಿಮ್ಮ ಕೈಯಲ್ಲಿದೆ."

ಷಡ್ಡಕ ನನ್ನ ಕಡೆ ನೋಡಿದ. ಆ ನೋಟದಲ್ಲಿ ಎಂಥ ಗಾಂಭೀರ್ಯ!

"ಹಳೇ ಬಣ್ಣವಾ?"

"ತೀರಾ ಹಳೇದು ಸಾರ್. ಬೇಕಿದ್ರೆ ಬಂದು ನೋಡಿ, ಹೊಟ್ಟೆ ಉರಿಯುತ್ತೆ."

"ಆಗಲಿ, ನಾಳೆ ಹಾಕ್ತೀನಿ."

ಟೈಲರು ಹೋದ ಮೇಲೆ ನಾನು ಕೇಳಿದೆ, "ಇವರಿಗೆ ಇದ್ದಕ್ಕಿದ್ದ ಹಾಗೆ ಇದೇನಪ್ಪಾ?"

"ಕ್ರಮ ಅಣ್ಣ, ಕ್ರಮ! ಜನ ಇಷ್ಟು ದಿನ ಕುರುಡಾಗಿ ಬಣ್ಣ ಹಚ್ಚಿಸ್ತಿದ್ರು. ಕ್ರಮ ಕಂಡ ತಕ್ಷಣ ಕಣ್ಣು ಬಿಟ್ಟರು."

ತಾನು ಕಂಡುಹಿಡಿದ ಕ್ರಮಕ್ಕೆ ಬೀದಿ ಮರುಳಾಗಿದೆಯೆಂದು ಅವನು ನಂಬಿದ. ಅವನ ಕೈಯಿಂದ ಒಂದು ಚೌಕ ಬಿದ್ದರೆ ಬಣ್ಣ ಪುಕ್ಕಟೆಯೆಂದು ಬೀದಿ ನಂಬಿತು. ಇಬ್ಬರಿಗೂ ಸಂತೋಷವಾಗಿದ್ದುದರಿಂದ ಯಾರೂ ಯಾರನ್ನೂ ಪ್ರಶ್ನಿಸಲಿಲ್ಲ. ಐದು ದಿನಗಳಲ್ಲಿ ಹನ್ನೊಂದು ಮನೆಗಳ ಬಾಗಿಲ ಮೇಲೆ ಚೌಕಗಳು ಬಿದ್ದವು. ಡಬ್ಬಿಗಳಲ್ಲಿ ಬಣ್ಣ ಮುಗಿಯುತ್ತ ಬಂದಂತೆ ಚೌಕಗಳ ಸಂಖ್ಯೆಯೂ ಇಳಿಯಿತು. ಅದರಿಂದ ಹೊಸ ಸಂಕಟ ಹುಟ್ಟಿತು.

"ಟೈಲರ್‌ಗೆ ಆರು ಚೌಕ, ನಮಗೆ ನಾಲ್ಕೇ ನಾಲ್ಕಾ?" ಎಂದು ಬೇಕರಿಯವನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ಬಂದಳು. "ನಾವೇನು ಈ ಬೀದಿಗೆ ಬಾಡಿಗೆಗೆ ಬಂದವರಾ?"

"ನಾಲ್ಕು ಸಾಕಮ್ಮ. ನಿಮ್ಮ ಬಾಗಿಲು ಚಿಕ್ಕದು."

"ಬಾಗಿಲು ಚಿಕ್ಕದಾದ್ರೆ ನಮ್ಮ ಹಕ್ಕೂ ಚಿಕ್ಕದಾ?"

ಐದನೆಯದನ್ನು ಹಾಕಿಸಿಕೊಂಡೇ ಅವಳು ಹೋದದ್ದು. ಸಂಜೆ ಗಂಡಹೆಂಡಿರಿಬ್ಬರೂ ರಸ್ತೆಯಲ್ಲಿ ನಿಂತು ತಮ್ಮ ಐದನ್ನೂ ಟೈಲರ ಆರನ್ನೂ ಮತ್ತೆ ಮತ್ತೆ ಎಣಿಸುತ್ತಿದ್ದರು.

ಬೀದಿಯಲ್ಲಿ ಚೌಕವಿಲ್ಲದೆ ಉಳಿದದ್ದು ಒಂದೇ ಬಾಗಿಲು. ದಂತವೈದ್ಯರ ನೀಲಿ ಬಾಗಿಲು ಮದುವೆಮನೆಯಲ್ಲಿ ಕರೆಯದೆ ಬಂದ ನೆಂಟನಂತೆ ಒಂಟಿಯಾಗಿ ನಿಂತಿತ್ತು. ಅವರ ಹೆಂಡತಿ ತಮ್ಮ ಮಹಡಿಯ ಕಿಟಕಿಯಿಂದ ನಮ್ಮ ಬಾಗಿಲನ್ನೇ ನೋಡಿ, "ಎದುರುಮನೆಯವರ ಬಾಗಿಲಲ್ಲಿ ಏನು ಕಳೆ ರೀ! ಏಳು ಬಣ್ಣ! ನಮ್ಮದು ಬರೀ ಒಂದು," ಎಂದರಂತೆ. ಇದನ್ನು ನನಗೆ ಹೇಳಿದ್ದು ಹೆಡ್‌ಮಿಸ್ಟ್ರೆಸ್. ಅವರಿಗೆ ಹೇಗೆ ಕೇಳಿಸಿತೆಂದು ನಾನು ಕೇಳಲಿಲ್ಲ.

ದಂತವೈದ್ಯರು ರಸ್ತೆ ದಾಟಿ ಬಂದರು. ನಗು ಇರಲಿಲ್ಲ. ಅವರ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇನ್ಸ್‌ಪೆಕ್ಟ್ರೇ, ನನ್ನದು ಯಾವಾಗ?"

"ನಿಮ್ಮದು ಆಗಲ್ಲ ಡಾಕ್ಟ್ರೇ."

"ಯಾಕೆ ಆಗಲ್ಲ? ನಾನೂ ತೆರಿಗೆ ಕಟ್ಟಲ್ವಾ?"

ತೆರಿಗೆಯ ಮಾತು ಷಡ್ಡಕನಿಗೆ ಅರ್ಥವಾಗಲಿಲ್ಲ. ಆದರೆ ಎದುರಾಳಿ ಬೇಡುತ್ತಿದ್ದಾನೆಂಬುದು ಅರ್ಥವಾಯಿತು. ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿದ.

"ಹೊಸ ಬಣ್ಣದ ಬಾಗಿಲು ಪರೀಕ್ಷೆಗೆ ಬರಲ್ಲ. ಹಳೇ ಬಣ್ಣ ಎದ್ದಿರಬೇಕು. ಮರ ಕಾಣಬೇಕು."

"ಅಲ್ಲಲ್ಲಿ ಕಂಡ್ರೆ ಸಾಕಾ?"

"ಸಾಲದು."

ಮರುದಿನ ನಾನು ಬೀದಿಗೆ ಕಾಲಿಡುವಾಗಲೇ ಕರಕರ ಸದ್ದು ಕೇಳಿಸಿತು. ದಂತವೈದ್ಯರು ಮುಖಕ್ಕೆ ಬಟ್ಟೆ ಕಟ್ಟಿ, ತಗಡಿನ ಕೆರೆಯುವ ಪಟ್ಟಿ ಹಿಡಿದು, ತಮ್ಮ ಬಾಗಿಲಿನ ನೀಲಿಯನ್ನು ತಾವೇ ಕೆರೆಯುತ್ತಿದ್ದರು. ಎಂಥ ಶ್ರದ್ಧೆ! ಹಲಗೆ ಹಲಗೆಯ ಸಂದಿಗೂ ಚೂಪು ಕೊಕ್ಕೆ ಹಾಕಿ, ಊದಿ, ಮತ್ತೆ ಕೆರೆದು, ಆಗಾಗ ಹಿಂದೆ ಸರಿದು ತಲೆ ಓರೆ ಮಾಡಿ ನೋಡುತ್ತಿದ್ದರು. ಬಾಗಿಲಿಗೆ "ಸ್ವಲ್ಪ ದೊಡ್ಡದಾಗಿ ಬಾಯಿ ತೆಗೀರಿ" ಎನ್ನಲಿಲ್ಲ, ಅಷ್ಟೇ. ಹನ್ನೆರಡರ ಹೊತ್ತಿಗೆ ಆ ಸುಂದರ ನೀಲಿಯೆಲ್ಲ ಹೊಟ್ಟಿನಂತೆ ರಸ್ತೆಯ ಮೇಲೆ ಬಿದ್ದಿತ್ತು.

ಷಡ್ಡಕ ಇದನ್ನು ಕುರ್ಚಿಯಲ್ಲಿ ಕೂತು, ಕಾಫಿ ಹೀರುತ್ತ, ಸಂಗೀತ ಕೇಳುವವನಂತೆ ಕೇಳಿದ. ವೈರಿ ತನ್ನ ಕೋಟೆಯನ್ನು ತಾನೇ ಒಡೆದಿದ್ದ. ಇನ್ನೇನು ಬೇಕು? ಆಗ ಅಡುಗೆಮನೆಯ ಕಿಟಕಿಯಿಂದ ದನಿ ಬಂತು.

"ಅಯ್ಯೋ! ಅಷ್ಟು ಚೆನ್ನಾಗಿದ್ದ ಬಾಗಿಲು!"

ಕಾಫಿ ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದ ಮೇಲೆ ಅವನು ಹೇಳಿದ್ದು ಇಷ್ಟು:

"ಸತ್ತ ಮೇಲೂ ಅದನ್ನೇ ಹೊಗಳ್ತಾಳಲ್ಲ ಅಣ್ಣ!"

ಆ ಕೋಪವೆಲ್ಲ ಮಧ್ಯಾಹ್ನ ದಂತವೈದ್ಯರ ಮೇಲೆ ತಿರುಗಿತು. ಅವರು ಮೈಯೆಲ್ಲ ನೀಲಿ ಪುಡಿಯಾಗಿ ಬಂದು, "ಮರ ಕಾಣ್ತಿದೆ. ಹಚ್ಚಿ," ಎಂದರೆ, "ಇನ್ನೊಂದು ವಾರ ಬಿಸಿಲು ತಿನ್ನಲಿ, ನೋಡೋಣ," ಎಂದುಬಿಟ್ಟ. ದಂತವೈದ್ಯರು ನೆಟ್ಟಗೆ ಮನೆಗೆ ಹೋಗಿ, ವಾರ್ಡ್ ಕಚೇರಿಗೆ ಮೂರು ಪುಟದ ದೂರು ಬರೆದರು: ಬಾಗಿಲು ಬಣ್ಣದ ಯೋಜನೆಯಲ್ಲಿ ತಮಗೆ ಅನ್ಯಾಯವಾಗಿದೆ, ಅರ್ಹತೆ ಪಡೆಯಲು ಸ್ವಂತ ಬಣ್ಣವನ್ನೇ ತ್ಯಾಗ ಮಾಡಿದ್ದರೂ ಅಧಿಕಾರಿಗಳು ಕಣ್ಣೆತ್ತಿ ನೋಡುತ್ತಿಲ್ಲ.

ನಾಲ್ಕನೆಯ ದಿನ ವಾರ್ಡ್ ಅಧಿಕಾರಿ ಕಂಕುಳಲ್ಲಿ ಫೈಲು ಹಿಡಿದು ಬಂದರು. ಬೀದಿಯೆಲ್ಲ ನಮ್ಮ ಗ್ಯಾರೇಜಿನ ಮುಂದೆ ನೆರೆಯಿತು. ಟೈಲರು ಅಳತೆಪಟ್ಟಿ ಕೊರಳಲ್ಲಿ ಹಾಗೇ ಬಿಟ್ಟುಕೊಂಡು ಓಡಿಬಂದಿದ್ದರು.

"ಯೋಜನೆಯ ಹೆಸರೇನು?" ಎಂದರು ಅಧಿಕಾರಿ.

ಯಾರಿಗೂ ಗೊತ್ತಿರಲಿಲ್ಲ.

"ಇಂಥದ್ದೊಂದು ಯೋಜನೆ ನನ್ನ ಗಮನಕ್ಕೆ ಬಂದಿಲ್ಲ," ಎಂದು ಅವರು ಎಚ್ಚರಿಕೆಯಿಂದ ಹೇಳಿದರು. "ಹಾಗಂತ ಇಲ್ಲ ಅಂತಾನೂ ಹೇಳೋಕಾಗಲ್ಲ. ನನ್ನ ಗಮನಕ್ಕೆ ಬಾರದೆ ಎಷ್ಟೋ ಯೋಜನೆ ಬಂದು ಹೋಗಿವೆ." ಬಗ್ಗಿ ಬಾಗಿಲನ್ನು ನೋಡಿದರು. "ಅಕ್ಷರ ಮಾತ್ರ ಸ್ಪಷ್ಟವಾಗಿದೆ. ಈ ಸಹಿ ಯಾರದು?"

"ನನ್ನದು," ಎಂದ ಷಡ್ಡಕ, ಎದೆ ಮುಂದೆ ಮಾಡಿ.

"ನೀವು ಯಾವ ಶಾಖೆ?"

"ತೂಕ ಮತ್ತು ಅಳತೆ. ನಿವೃತ್ತ."

"ತೂಕದವರು ಬಣ್ಣ ಯಾಕೆ ನೋಡ್ತಿದ್ದೀರಿ?"

"ನನ್ನ ಬಾಗಿಲು ಸ್ವಾಮಿ, ಅದಕ್ಕೇ ನೋಡ್ತಿದ್ದೀನಿ."

"ಮಿಕ್ಕ ಹನ್ನೊಂದು ಮನೆ?"

"ಅವರಾಗೇ ಬಂದು ಕೇಳಿದ್ರು."

"ಹಾಗಾದ್ರೆ ಬಣ್ಣ ಹೊಡೆಸೋದು ಯಾರು?"

"ಅವರವರದು ಅವರವರೇ! ಮತ್ಯಾರು?"

ಪುಕ್ಕಟೆ ಬಣ್ಣವೇ ಇಲ್ಲವೆಂದು ಬೀದಿಗೆ ಆಗ ಅರ್ಥವಾಯಿತು. ಆಮೇಲೆ ಎಲ್ಲರೂ ಒಟ್ಟಿಗೆ ಬಾಯಿ ತೆರೆದರು. "ಮೋಸ!" ಎಂದರು ಟೈಲರು. "ಐದು ಚೌಕ!" ಎಂದಳು ಬೇಕರಿಯವನ ಹೆಂಡತಿ. "ಮುದ್ರೆ ಇತ್ತು, ನಾನೇ ಓದಿದ್ದೀನಿ," ಎಂದರು ಹೆಡ್‌ಮಿಸ್ಟ್ರೆಸ್. "ನನ್ನ ನೀಲಿ!" ಎಂದರು ದಂತವೈದ್ಯರು, ಅವರ ಕೂಗು ಮಾತ್ರ ನಿಜವಾಗಿ ಕರುಳಿನಿಂದ ಬಂದಿತ್ತು. ಅಧಿಕಾರಿ ಫೈಲಿನ ಮೇಲೆ ತಟ್ಟಿ, ಅಧಿಕೃತವೆಂದು ತೋರುವ ಬರಹವನ್ನೆಲ್ಲ ಹತ್ತು ದಿನಗಳೊಳಗೆ ಅಳಿಸಬೇಕೆಂದು ಹೇಳಿದರು. ಯಾರು ಅಳಿಸಬೇಕೆಂಬ ಪ್ರಶ್ನೆಗೆ ಹನ್ನೆರಡು ಮನೆಯವರು ಒಂದೇ ಕಡೆಗೆ ಬೆರಳು ತೋರಿದರು.

ಆಗ ನನ್ನ ನಾದಿನಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಸ್ವಲ್ಪ ಸುಮ್ನಿರಿ ಎಲ್ಲರೂ. ಇವರು ನಿಮ್ಮ ಮನೆಗೆ ಬಂದು ಹಚ್ಚಿಸ್ಕೊಳ್ಳಿ ಅಂದ್ರಾ, ನೀವು ಇಲ್ಲಿಗೆ ಬಂದು ಹಚ್ಚಿ ಅಂದ್ರಾ?"

"ಅದೂ... ಇವರಿಗೆ ಸಿಕ್ಕಿದೆ ಅಂತ..." ಎಂದರು ಟೈಲರು.

"ಇವರಿಗೆ ಸಿಕ್ಕಿದ್ದು ನಿಮಗೂ ಸಿಗ್ಲಿ ಅಂತ. ಹೌದಾ? ಡಾಕ್ಟ್ರೇ, ನಿಮ್ಮ ಬಾಗಿಲು ಕೆರೆದದ್ದು ಯಾರು?"

"ನಾನೇ."

"ಯಾಕೆ ಕೆರೆದ್ರಿ?"

ದಂತವೈದ್ಯರು ತಮ್ಮ ಹೆಂಡತಿಯ ಮುಖ ನೋಡಿ, "ಎಲ್ಲರಿಗೂ ಇತ್ತಲ್ಲಮ್ಮ," ಎಂದರು ಸಣ್ಣ ದನಿಯಲ್ಲಿ.

ಷಡ್ಡಕ ಗೆಲುವಿನಿಂದ ತಲೆಯಾಡಿಸುತ್ತಿದ್ದ. ಅವಳು ಅವನ ಕಡೆಗೂ ತಿರುಗಿದಳು.

"ನೀವೇನು ತಲೆಯಾಡಿಸ್ತೀರಿ? ಮೊದಲು ನೀವು ಹೇಳಿ. ಇದನ್ನ ಯಾಕೆ ಶುರು ಮಾಡಿದ್ರಿ?"

ಮೂವತ್ತಮೂರು ವರ್ಷ ಸುಳ್ಳು ತೂಕ ಪತ್ತೆಹಚ್ಚಿದವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವನು ನೆಲ ನೋಡಿದ.

"ನೀನು ಅವರ ಬಾಗಿಲು ಚೆನ್ನಾಗಿದೆ ಅಂದೆ."

"ಹೌದು, ಅಂದೆ. ಚೆನ್ನಾಗಿತ್ತು."

"ನನಗೆ ಯಾವತ್ತೂ ಅಂದಿಲ್ಲ."

ವಾರ್ಡ್ ಅಧಿಕಾರಿ ಫೈಲು ಮುಚ್ಚಿದರು. ಟೈಲರು ಕೊರಳಿನ ಪಟ್ಟಿಯನ್ನು ಸುತ್ತತೊಡಗಿದರು. ನಾದಿನಿಯ ಮುಖ ಕೆಂಪಾಯಿತು.

"ಇದನ್ನ ಮನೆಯೊಳಗೆ ಕೇಳಬಾರದಿತ್ತಾ?"

"ಕೇಳಿ ಹೇಳಿಸ್ಕೊಂಡ್ರೆ ಅದು ಹೊಗಳಿಕೆಯಾ?"

ಅವಳು ಎದುರಿನ ಬೋಳು ಬಾಗಿಲನ್ನು ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ನ್ಯಾಯಾಧೀಶರೂ ಕಲಿಯಬೇಕಾದ ತೀರ್ಪೊಂದನ್ನು ಕೊಟ್ಟಳು.

"ಸರಿ. ಡಾಕ್ಟ್ರ ಬಾಗಿಲನ್ನ ದಿನವೆಲ್ಲ ನೋಡೋಳು ನಾನು. ನನ್ನ ಕಿಟಕಿಗೆ ಕಾಣೋದು ಅದೇ. ಅದನ್ನ ನೀವು ಹಚ್ಚಿ."

"ನಾನಾ? ಅವರ ಬಾಗಿಲಿಗಾ?"

"ಹೂಂ. ನಮ್ಮ ಬಾಗಿಲು ನನಗೆಲ್ಲಿ ಕಾಣುತ್ತೆ?"

ದಂತವೈದ್ಯರ ಹೆಂಡತಿ ಅವಕಾಶ ಬಿಡಲಿಲ್ಲ. "ಹಾಗಾದ್ರೆ ನಿಮ್ಮ ಬಾಗಿಲು ನೋಡೋಳು ನಾನು. ಅದನ್ನ ನಮ್ಮ ಯಜಮಾನ್ರು ಹಚ್ಚಲಿ. ಆದ್ರೆ ಆ ಏಳು ಚೌಕ ಹಾಗೇ ಇರಬೇಕು. ಬರಹ ಬೇಕಾದ್ರೆ ಅಳಿಸಿ."

ಮಿಕ್ಕವರು ತಮ್ಮ ತಮ್ಮ ಬಾಗಿಲು ತಾವೇ ನೋಡಿಕೊಳ್ಳುವುದೆಂದು ಗೊಣಗಿಕೊಂಡು ಚದುರಿದರು.

"ಯಾವ ಬಣ್ಣ ಹಚ್ಚಲಿ?" ಎಂದು ಷಡ್ಡಕ ಹೆಂಡತಿಯನ್ನು ಕೇಳಿದ. ಬಾಗಿಲಿನ ವಿಷಯದಲ್ಲಿ ಅವನು ಅವಳನ್ನು ಕೇಳಿದ್ದು ಅದೇ ಮೊದಲು.

"ಮೊದಲಿದ್ದದ್ದೇ. ಆ ನೀಲಿ."

ಮನುಷ್ಯನಿಗೆ ದೇವರು ಎಂಥೆಂಥ ಪರೀಕ್ಷೆ ಒಡ್ಡುತ್ತಾನೆ! ಯಾವ ನೀಲಿಯನ್ನು ಸಪ್ಪೆಯಾಗಿಸಲು ಹೊರಟಿದ್ದನೋ ಅದೇ ನೀಲಿಯ ಡಬ್ಬಿ ಹಿಡಿದು ಅವನು ಅಂಗಡಿಯಿಂದ ಬಂದ. ಅಂಗಡಿಯವನು ಏನೂ ಕೇಳಲಿಲ್ಲವಂತೆ. ಒಳಗೆ ಹೋಗಿ ಸ್ವಲ್ಪ ಹೊತ್ತು ನಕ್ಕು ಬಂದನಂತೆ.

ಮೂರು ದಿನ ಬೀದಿ ಆ ನೋಟವನ್ನು ಕಂಡಿತು. ರಸ್ತೆಯ ಆ ಬದಿ ನನ್ನ ಷಡ್ಡಕ ದಂತವೈದ್ಯರ ಬಾಗಿಲಿಗೆ ಪ್ರೈಮರ್ ಬಳಿದು, ಒಣಗಿಸಿ, ತಿಕ್ಕಿ, ನೀಲಿ ಹಚ್ಚುತ್ತಿದ್ದ. ಈ ಬದಿ ದಂತವೈದ್ಯರು ನಮ್ಮ ಬಾಗಿಲ ಮುಂದೆ ಮೊಣಕಾಲೂರಿ, ಚಿಕ್ಕ ಬ್ರಷ್ಷಿನಿಂದ ಏಳು ಚೌಕಗಳ ಅಂಚು ನೇರ ಮಾಡುತ್ತಿದ್ದರು. ಇಬ್ಬರದೂ ಬೆನ್ನಿಗೆ ಬೆನ್ನು. ಆದರೂ ಇಬ್ಬರೂ ತಿರುತಿರುಗಿ ನೋಡುತ್ತಲೇ ಇದ್ದರು.

"ಇನ್ಸ್‌ಪೆಕ್ಟ್ರೇ, ಬಲಗಡೆ ಕೆಳಗಿನ ಮೂಲೆ ಬಿಟ್ಟಿದ್ದೀರಿ."

"ನಿಮ್ಮ ಬಾಯಿ ನೀವು ನೋಡ್ಕೊಳ್ಳಿ ಡಾಕ್ಟ್ರೇ, ಕೆನೆ ಬಣ್ಣ ಸೋರ್ತಿದೆ."

"ಸೋರಿಲ್ಲ, ಅದು ಹೊಳಪು."

"ನಾನು ಹಚ್ಚಿದಾಗ ಆ ಹೊಳಪು ಇರಲಿಲ್ಲ."

"ಅದಕ್ಕೇ ನಾನು ಹಚ್ಚಬೇಕಾಯ್ತು."

ನಾಲ್ಕನೆಯ ದಿನ ನಾನು ಊಟಕ್ಕೆ ಕೂತಿದ್ದೆ. ಷಡ್ಡಕ ಕೈ ತೊಳೆದು ಬಂದು ಪಕ್ಕದಲ್ಲಿ ಕೂತ. ಉಗುರಿನ ಸಂದಿಯಲ್ಲೆಲ್ಲ ನೀಲಿ. ನಾದಿನಿ ಬಡಿಸಲು ಬಂದವಳು ಕಿಟಕಿಯ ಹತ್ತಿರ ನಿಂತಳು. ನಿಂತೇ ಇದ್ದಳು. ಷಡ್ಡಕನ ಕೈ ತಟ್ಟೆಯ ಮೇಲೆ ತಡೆಯಿತು.

"ಡಾಕ್ಟ್ರ ಬಾಗಿಲು ಎಷ್ಟು ಚೆನ್ನಾಗಿದೆ," ಎಂದಳು.

"ಅದು ನಾನು ಹಚ್ಚಿದ್ದು ಕಣೇ!" ಎಂದು ಅವನು ಹೆಚ್ಚುಕಡಿಮೆ ಕಿರುಚಿದ.

"ಗೊತ್ತು," ಎಂದಳು ಅವಳು, ಅವನ ತಟ್ಟೆಗೆ ಬಡಿಸುತ್ತ. "ಅದಕ್ಕೇ ಹೇಳಿದ್ದು."

ನಾನು ನನ್ನ ತಟ್ಟೆಯನ್ನೇ ನೋಡುತ್ತ ಉಂಡೆ. ಹನ್ನೊಂದು ತಿಂಗಳಲ್ಲಿ ನಾನು ಯಾರ ಐಶ್ವರ್ಯಕ್ಕೂ ಹೊಟ್ಟೆಕಿಚ್ಚು ಪಟ್ಟವನಲ್ಲ. ಆ ಗಳಿಗೆ ಪಟ್ಟೆ. ದೇವರು ಕ್ಷಮಿಸುತ್ತಾನೆ, ಅವನಿಗೆ ಕಾರಣ ಗೊತ್ತಿದೆ.

ಊಟ ಮುಗಿಸಿ ಷಡ್ಡಕ ಗೇಟಿನ ಬಳಿ ಹೋಗಿ, ಕೈ ಹಿಂದೆ ಕಟ್ಟಿ, ಎದುರಿನ ಬಾಗಿಲನ್ನು ನೋಡುತ್ತ ನಿಂತ. ಎಷ್ಟು ಹೊತ್ತು ನಿಂತನೆಂದರೆ ಕೊನೆಗೆ ದಂತವೈದ್ಯರೇ ಹೊರಗೆ ಬಂದರು. ಕಾರು ತೆಗೆಯಲೆಂದು ಬಾಗಿಲಿನ ಚಿಲಕಕ್ಕೆ ಕೈಹಾಕಿ, "ಏನ್ ಸರ್," ಎಂದು ನಕ್ಕರು, "ನನ್ನ ಬಾಗಿಲನ್ನ ಹಾಗೆ ನುಂಗೋ ಹಾಗೆ ನೋಡ್ತಿದ್ದೀರಿ?"

"ಮೆಲ್ಲಗೆ ತೆಗೀರಿ ಡಾಕ್ಟ್ರೇ," ಎಂದ ನನ್ನ ಷಡ್ಡಕ, ಗೇಟಿನಾಚೆ ಒಂದು ಕಾಲಿಟ್ಟು. "ಇಲ್ಲ, ಬಿಡಿ, ಬಿಡಿ. ನಾನೇ ಬಂದು ತೆಗೀತೀನಿ."